ಗಿರಣಿಗಳ ಊರಿಗೆ ಇಬ್ಬರೇ ಹೋಗಿ ಬನ್ನಿ

ಮದುವೆಯಾಗಿ ಹನ್ನೆರಡೋ ಹದಿನೈದೋ ವರ್ಷ ಕಳೆದ ಯಾವುದೇ ದಂಪತಿಯನ್ನು “ನೀವಿಬ್ಬರೇ ಕೊನೆಯ ಸಲ ಹೋದದ್ದು ಎಲ್ಲಿಗೆ?” ಎಂದು ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದು ಆಸ್ಪತ್ರೆಯ ಹೆಸರಾಗಿರುತ್ತದೆ. ಅದಲ್ಲದಿದ್ದರೆ ಯಾರದೋ ನಿಕಾಹ್, ಯಾರದೋ ಮರಣದ ಮನೆ. ಗಲ್ಫಿನಲ್ಲಿ ದುಡಿಯುವವರ ಮನೆಗಳಲ್ಲಂತೂ ಕೇಳುವುದೇ ಬೇಡ. ವರ್ಷಕ್ಕೋ ಎರಡು ವರ್ಷಕ್ಕೋ ಸಿಗುವ ಮೂವತ್ತು ನಲವತ್ತು ದಿನಗಳ ರಜೆಯಲ್ಲಿ ಮೊದಲ ವಾರ ನೆಂಟರ ಮನೆಗಳಿಗೆ, ಎರಡನೆಯ ವಾರ ಬ್ಯಾಂಕು ಮತ್ತು ತಾಲೂಕು ಕಚೇರಿಗೆ, ಮೂರನೆಯ ವಾರ ಮನೆಯ ಮಾಡು ರಿಪೇರಿಗೆ ಹೋಗುತ್ತದೆ. ಉಳಿದ ದಿನಗಳಲ್ಲಿ ಮತ್ತೆ ಸೂಟ್‌ಕೇಸ್ ತುಂಬಿಸುವ ಕೆಲಸ. ಗಂಡ ಹೆಂಡತಿ ಒಬ್ಬರಿಗೊಬ್ಬರು ಎದುರು ಕುಳಿತು ಮಾತಾಡಿದ್ದಕ್ಕಿಂತ ಫೋನಿನಲ್ಲಿ ಮಾತಾಡಿದ್ದೇ ಹೆಚ್ಚು ಎಂದು ಹೇಳುವ ಸಹೋದರಿಯರು ನಮ್ಮಲ್ಲಿ ಒಬ್ಬಿಬ್ಬರಲ್ಲ.

“ಇಬ್ಬರೇ ಹೋಗಿ ಬರೋಣವೇ?” ಎಂದು ಕೇಳಲು ಹೆಂಡತಿಗೆ ನಾಚಿಕೆ. ಕರೆದುಕೊಂಡು ಹೋದರೆ ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಗಂಡನಿಗೆ ಅಳುಕು. ಇದು ಹೊಸದಾಗಿ ಮದುವೆಯಾದವರ ಆಟ, ಮಕ್ಕಳಾದ ಮೇಲೆ ಶೋಭಿಸುವುದಿಲ್ಲ ಎಂಬ ಮಾತನ್ನು ನಮ್ಮಲ್ಲಿ ಹಿರಿಯರೂ ಹೇಳುತ್ತಾರೆ, ಕಿರಿಯರೂ ನಂಬುತ್ತಾರೆ. ಪ್ರವಾದಿಯವರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ ಪ್ರಸಂಗವನ್ನು ನಾವೆಲ್ಲ ಮದ್ರಸದಲ್ಲೇ ಕೇಳಿದ್ದೇವೆ. ಆದರೆ ಅದು ಪ್ರಯಾಣದಲ್ಲಿ ನಡೆದದ್ದೆಂಬುದನ್ನು ಗಮನಿಸಿದವರು ಕಡಿಮೆ. ಜೊತೆಗಿದ್ದವರನ್ನು ಮುಂದೆ ಕಳುಹಿಸಿದ ನಂತರವೇ ಅವರು ಪತ್ನಿಯೊಡನೆ ಓಡಿದ್ದು. ಮೊದಲ ಸಲ ಆಯಿಶಾ(ರ) ಗೆದ್ದರು. ಎಷ್ಟೋ ಕಾಲದ ನಂತರ, ಅವರ ಮೈ ತುಂಬಿಕೊಂಡಿದ್ದಾಗ, ಮತ್ತೊಂದು ಪ್ರಯಾಣದಲ್ಲಿ ಪ್ರವಾದಿಯವರು(ಸ) ಗೆದ್ದು, ಹಿಂದಿನ ಸೋಲಿನ ಲೆಕ್ಕ ಚುಕ್ತಾ ಆಯಿತೆಂದು ತಮಾಷೆ ಮಾಡಿದರು. ಎರಡು ಪಂದ್ಯಗಳ ನಡುವೆ ವರ್ಷಗಳು ಕಳೆದಿದ್ದವು ಎಂಬುದೇ ಇಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ.

ಹೋಗುವುದಾದರೆ ಎಲ್ಲಿಗೆ? ಊಟಿ, ಕೊಡೈಕೆನಾಲ್, ಮುನ್ನಾರ್ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಮಂಜು ನೋಡಬಹುದು, ಚಾಕೊಲೇಟ್ ಕೊಳ್ಳಬಹುದು. ಎರಡನೆಯ ದಿನ ಮಧ್ಯಾಹ್ನಕ್ಕೆ ಗಂಡ ಮೊಬೈಲ್ ತೆಗೆಯುತ್ತಾನೆ, ಹೆಂಡತಿ ಮಕ್ಕಳಿಗೆ ಫೋನ್ ಮಾಡುತ್ತಾಳೆ. ನನ್ನ ಸಲಹೆ ಬೇರೆ. ನೋಡಿದ್ದನ್ನು ಇಬ್ಬರೂ ಕುಳಿತು ಮಾತಾಡಲು ಏನಾದರೂ ಇರುವ ಊರಿಗೆ ಹೋಗಿ. ಅಂಥ ಒಂದು ಊರು ಗುಜರಾತಿನ ಅಹ್ಮದಾಬಾದ್.

ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಹಾಗೆ ಅಹ್ಮದಾಬಾದನ್ನು ಇಡೀ ಭಾರತದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. 1411ರಲ್ಲಿ ಸುಲ್ತಾನ್ ಅಹ್ಮದ್ ಶಾಹ್ ಸಾಬರಮತಿ ನದಿಯ ಪೂರ್ವ ದಡದಲ್ಲಿ ಕಟ್ಟಿದ ಈ ಊರು ಮೊದಲಿನಿಂದಲೂ ನೇಯ್ಗೆಗೆ, ಬಟ್ಟೆಯ ವ್ಯಾಪಾರಕ್ಕೆ ಹೆಸರಾದದ್ದು. 1861ರಲ್ಲಿ ರಣಛೋಡ್‌ಲಾಲ್ ಛೋಟಾಲಾಲ್ ಎಂಬವರು ಇಲ್ಲಿನ ಮೊದಲ ಹತ್ತಿ ಗಿರಣಿಯನ್ನು ಆರಂಭಿಸಿದರು. ಮುಂದೆ ಗೋಮ್ತಿಪುರ, ಸರಸ್‌ಪುರದಂಥ ಪೂರ್ವದ ಬಡಾವಣೆಗಳ ಆಕಾಶವೆಲ್ಲ ಚಿಮಣಿಗಳಿಂದ ತುಂಬಿತು. ನೂಲುವ ವಿಭಾಗದಲ್ಲಿ ಹೆಚ್ಚಾಗಿ ದಲಿತರು, ಮಗ್ಗದ ವಿಭಾಗದಲ್ಲಿ ಮುಸ್ಲಿಮರು ಮತ್ತು ಪಾಟೀದಾರರು ದುಡಿಯುತ್ತಿದ್ದರು.

ಈ ಗಿರಣಿಗಳ ಕಥೆಯಲ್ಲಿ ಒಬ್ಬ ಹೆಣ್ಣುಮಗಳು ಬರುತ್ತಾರೆ. ಅನಸೂಯಾ ಸಾರಾಭಾಯಿ ಗಿರಣಿ ಮಾಲೀಕರ ಮನೆತನದವರು. 1918ರಲ್ಲಿ ಪ್ಲೇಗ್ ಕಾಲದ ಭತ್ಯೆಯನ್ನು ಮಾಲೀಕರು ನಿಲ್ಲಿಸಿದಾಗ ಕಾರ್ಮಿಕರು ನೂರಕ್ಕೆ 35ರಷ್ಟು ಕೂಲಿ ಏರಿಕೆ ಕೇಳಿ ಮುಷ್ಕರ ಹೂಡಿದರು. ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ಗಾಂಧೀಜಿಯವರ ಜೊತೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ. ಗಾಂಧೀಜಿ ಉಪವಾಸ ಕುಳಿತರು, ಮಾತುಕತೆ ನಡೆಯಿತು, ಕೊನೆಗೆ ಮಧ್ಯಸ್ಥಿಕೆಯಲ್ಲಿ ಕೇಳಿದ 35 ಸಿಕ್ಕಿತು. 1920ರಲ್ಲಿ ಮಜೂರ್ ಮಹಾಜನ್ ಎಂಬ ಕಾರ್ಮಿಕ ಸಂಘ ಹುಟ್ಟಿತು. ಅದರ ಮಹಿಳಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ವಕೀಲೆ ಇಳಾ ಭಟ್ 1972ರಲ್ಲಿ ‘ಸೇವಾ’ ಸಂಘಟನೆಯನ್ನು ಕಟ್ಟಿದರು. ಬಟ್ಟೆ ಮಾರುಕಟ್ಟೆಯಲ್ಲಿ ತಲೆಯ ಮೇಲೆ ಗಂಟು ಹೊರುವ ಹೆಂಗಸರು, ತರಕಾರಿ ಮಾರುವವರು, ಮನೆಯಲ್ಲೇ ಬೀಡಿ ಕಟ್ಟುವವರು, ಹೊಲಿಯುವವರು ಅದರ ಸದಸ್ಯರು. 1974ರಲ್ಲಿ ಈ ಹೆಂಗಸರೇ ತಮ್ಮ ಬ್ಯಾಂಕನ್ನೂ ತೆರೆದರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ನಮ್ಮ ಕರಾವಳಿಯ ತಾಯಂದಿರಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆ, ಹಳೆಯ ಯಂತ್ರಗಳು, ಮಾಲೀಕರ ನಿರಾಸಕ್ತಿ, ಹೀಗೆ ಕಾರಣಗಳು ಹಲವು. ಲಕ್ಷಕ್ಕೂ ಹೆಚ್ಚು ಗಂಡಸರು ಕೆಲಸ ಕಳೆದುಕೊಂಡರು. ತಿಂಗಳ ಸಂಬಳ ತರುತ್ತಿದ್ದವರು ರಿಕ್ಷಾ ಓಡಿಸಿದರು, ಕೈಗಾಡಿ ತಳ್ಳಿದರು. ಹಪ್ಪಳ ಒತ್ತಿ, ಊದುಬತ್ತಿ ಹೊಸೆದು, ಹೊಲಿಗೆ ಯಂತ್ರ ತುಳಿದು ಒಲೆ ಉರಿಸಿದವರು ಹೆಂಗಸರು. ಗಂಡ ನಿರುದ್ಯೋಗಿಯಾದ ಮನೆಯಲ್ಲಿ ಹೆಂಡತಿಯ ಸಂಪಾದನೆ ಎಷ್ಟು ಸೂಕ್ಷ್ಮದ ವಿಷಯ ಎಂಬುದು ಗೊತ್ತಿದ್ದವರಿಗೆ ಗೊತ್ತು.

ಊರು ಮತ್ತೆ ಚೇತರಿಸಿಕೊಂಡದ್ದು ನಿಧಾನವಾಗಿ. ಕೊಳಚೆ ಹರಿಯುತ್ತಿದ್ದ, ಬೇಸಿಗೆಯಲ್ಲಿ ಬತ್ತಿ ಮರಳಾಗುತ್ತಿದ್ದ ಸಾಬರಮತಿಗೆ ನರ್ಮದಾ ಕಾಲುವೆಯ ನೀರು ಬಂತು. ಎರಡೂ ದಡಗಳಲ್ಲಿ ಹನ್ನೊಂದು ಕಿಲೋಮೀಟರಿನಷ್ಟು ಉದ್ದಕ್ಕೆ ನಡೆದಾಡುವ ದಾರಿ ಕಟ್ಟಿ 2012ರಿಂದ ಜನರಿಗೆ ತೆರೆದರು. 2017ರಲ್ಲಿ ಯುನೆಸ್ಕೊ ಹಳೆಯ ಊರನ್ನು ವಿಶ್ವ ಪಾರಂಪರಿಕ ನಗರವೆಂದು ಘೋಷಿಸಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಇದೇ. 2022ರಲ್ಲಿ ಮೆಟ್ರೊ ರೈಲು ಹಳೆಯ ಪೇಟೆಯ ನೆಲದಡಿಯಲ್ಲಿ ಓಡತೊಡಗಿತು. ಅದೇ ವರ್ಷ ನದಿಯ ಮೇಲೆ ನಡೆದು ಹೋಗುವವರಿಗೆಂದೇ ಅಟಲ್ ಸೇತುವೆ ತೆರೆಯಿತು. ಸಂಜೆ ದೀಪ ಹಚ್ಚಿದಾಗ ಈ ದಡಗಳು ಚೆಂದ ಕಾಣುತ್ತವೆ. ಆದರೆ ಈ ದಡಗಳಲ್ಲಿ ಜೋಪಡಿ ಕಟ್ಟಿಕೊಂಡಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿ ದೂರದ ವಸತಿ ಸಂಕೀರ್ಣಗಳಿಗೆ ಕಳುಹಿಸಲಾಯಿತು ಎಂಬುದನ್ನೂ ತಿಳಿದೇ ಅಲ್ಲಿ ನಡೆದಾಡಿ. ನದಿಯ ಬದಿಯಲ್ಲಿ ಬಟ್ಟೆ ಒಗೆದು, ತರಕಾರಿ ಬೆಳೆದು ಬದುಕುತ್ತಿದ್ದ ಹೆಂಗಸರಿಗೆ ಆ ದೂರ ಸಣ್ಣದಾಗಿರಲಿಲ್ಲ.

ಇಷ್ಟು ಓದುವಾಗಲೇ ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿರುತ್ತದೆ. ನಿಮ್ಮಲ್ಲಿ ಏಳದಿದ್ದರೆ ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ: “ಗುಜರಾತಿಗಾ? ಅಲ್ಲಿಗೇ ಯಾಕೆ?” 2002ರಲ್ಲಿ ಆ ರಾಜ್ಯದಲ್ಲಿ ನಡೆದ ಹಿಂಸೆಯಲ್ಲಿ ಸರಕಾರಿ ಲೆಕ್ಕದಲ್ಲೇ ಸಾವಿರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಅಹ್ಮದಾಬಾದಿನಲ್ಲೇ 1707ರಲ್ಲಿ ತೀರಿಕೊಂಡ ಉರ್ದು ಕವಿ ವಲೀ ದಖನಿಯವರ ಸಮಾಧಿಯನ್ನು ಆಗ ಕೆಡವಿ ಅದರ ಮೇಲೆ ರಸ್ತೆ ಹಾಕಿಬಿಟ್ಟರು. ಗಲಭೆಗಳ ನಂತರ ಮನೆ ಬಿಟ್ಟ ಎಷ್ಟೋ ಕುಟುಂಬಗಳು ಜುಹಾಪುರಕ್ಕೆ ಹೋಗಿ ನೆಲೆಸಿದವು. ಇದನ್ನು ಮುಚ್ಚಿಟ್ಟು ನಾನು ನಿಮ್ಮನ್ನು ಪ್ರವಾಸಕ್ಕೆ ಕಳುಹಿಸಲಾರೆ. ಹಾಗೆಂದು ಆರು ಶತಮಾನಗಳ ಮಸೀದಿಗಳು, ಸಂತೆಗಳು, ಈಗಲೂ ಅಲ್ಲೇ ಅಂಗಡಿ ತೆರೆದು ಕುಳಿತ ನಮ್ಮ ಜನರು ಇರುವ ಊರನ್ನು ಒಂದು ವರ್ಷದ ಹೆಸರಿನಲ್ಲಿ ಬಿಟ್ಟುಬಿಡುವುದೂ ಸರಿಯೆಂದು ನನಗೆ ತೋರುವುದಿಲ್ಲ. ಚುನಾವಣೆಯ ಗದ್ದಲ, ದೊಡ್ಡ ಮೆರವಣಿಗೆಗಳ ದಿನಗಳನ್ನು ಬಿಟ್ಟು ಹೋಗಿ. ಅಷ್ಟು ಎಚ್ಚರ ಯಾವ ಊರಿಗೆ ಹೋಗುವಾಗಲೂ ಬೇಕು.

ಸಿದ್ಧತೆ ಮನೆಯಿಂದಲೇ ಆರಂಭವಾಗಬೇಕು. ಅತ್ತೆ ಮಾವನಿಗೆ ತಿಂಗಳ ಮೊದಲೇ ಹೇಳಿ. ಹೇಳಬೇಕಾದವನು ಗಂಡ, ಹೆಂಡತಿಯಲ್ಲ. “ಅವಳು ಹೋಗಬೇಕೆಂದಳು” ಎಂದು ತಾಯಿಯ ಮುಂದೆ ಜಾರಿಕೊಳ್ಳುವ ಗಂಡ ಪ್ರವಾಸದ ಅರ್ಧ ಸಂತೋಷವನ್ನು ಹೊಸ್ತಿಲಲ್ಲೇ ಕಳೆದಿರುತ್ತಾನೆ. ಮಕ್ಕಳನ್ನು ಒಬ್ಬರ ಮೇಲೆಯೇ ಹೇರದೆ ಅಜ್ಜಿಯ ಮನೆ, ನಾದಿನಿಯ ಮನೆ ಎಂದು ಹಂಚಿ. ನಾದಿನಿ ಹೀಗೆ ಹೊರಡುವ ದಿನ ಅವಳ ಮಕ್ಕಳನ್ನು ನೀವು ನೋಡಿಕೊಳ್ಳುತ್ತೀರೆಂಬ ಮಾತೂ ಆಗಲೇ ಆಗಲಿ. ಮೂರು ರಾತ್ರಿ ಸಾಕು. ಅದಕ್ಕಿಂತ ಹೆಚ್ಚಾದರೆ ಹೋದವರಿಗೂ ನೆಮ್ಮದಿಯಿಲ್ಲ, ನೋಡಿಕೊಳ್ಳುವವರಿಗೂ ಇಲ್ಲ. ಸಾಲ ಮಾಡಿ ಹೋಗಬೇಡಿ. ಒಂದು ಮದುವೆಗೆ ಮನೆಮಂದಿಗೆಲ್ಲ ಬಟ್ಟೆ ತೆಗೆಯುವಾಗ ನಾವು ಕೈ ಬಿಗಿ ಹಿಡಿಯುವುದಿಲ್ಲ. ಅಂಥ ಒಂದು ಖರ್ಚನ್ನು ಕಡಿಮೆ ಮಾಡಿದರೂ ಪ್ರಯಾಣದ ಟಿಕೆಟಿಗೆ ದಾರಿಯಾಗುತ್ತದೆ.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಆಗ ಬುರ್ಖಾದಲ್ಲಿ ಪೇಟೆ ಸುತ್ತುವುದು ಶಿಕ್ಷೆ. ಜನವರಿ 14ರ ಆಸುಪಾಸು ಉತ್ತರಾಯಣದ ಗಾಳಿಪಟದ ಹಬ್ಬ. ನೋಡಲು ಸೊಗಸು, ಆದರೆ ಹೋಟೆಲುಗಳಲ್ಲಿ ಜಾಗ ಸಿಗುವುದು ಕಷ್ಟ. ಬೆಂಗಳೂರಿನಿಂದ ವಿಮಾನದಲ್ಲಿ ಎರಡು ಗಂಟೆಗೆ ಸ್ವಲ್ಪ ಮಿಕ್ಕಿ. ರೈಲಿನಲ್ಲಾದರೆ ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ ಮಾರ್ಗವಾಗಿ ಜೋಧಪುರದ ಕಡೆಗೆ ಹೋಗುವ ಗಾಡಿಗಳು ಅಹ್ಮದಾಬಾದಿನ ಮೂಲಕವೇ ಹಾದುಹೋಗುತ್ತವೆ. ಒಂದು ದಿನಕ್ಕಿಂತ ಹೆಚ್ಚು ಹೊತ್ತಿನ ದಾರಿ. ಬುತ್ತಿ ಬಿಚ್ಚಿ ತಿನ್ನುತ್ತಾ ಹೋಗುವುದಕ್ಕೂ ಒಂದು ಸುಖವಿದೆ, ಬರುವಾಗ ಬೇಕಾದರೆ ವಿಮಾನ ಹಿಡಿಯಿರಿ. ಊರಿನ ಮುಖ್ಯ ನಿಲ್ದಾಣ ಕಾಲೂಪುರ. ಕೆಲವು ರೈಲುಗಳು ಸಾಬರಮತಿ, ಮಣಿನಗರದಂಥ ಬೇರೆ ನಿಲ್ದಾಣಗಳಲ್ಲಿ ನಿಲ್ಲುವುದರಿಂದ ಟಿಕೆಟನ್ನು ಸರಿಯಾಗಿ ನೋಡಿಕೊಳ್ಳಿ. ಇಬ್ಬರ ಆಧಾರ್ ಕಾರ್ಡೂ ಕೈಯಲ್ಲಿರಲಿ, ಹೋಟೆಲಿನಲ್ಲಿ ಕೇಳುತ್ತಾರೆ.

ಕೋಣೆಯನ್ನು ಲಾಲ್ ದರ್ವಾಜಾ ಅಥವಾ ಮಿರ್ಜಾಪುರದ ಹತ್ತಿರ ಹಿಡಿಯಿರಿ. ನೋಡಬೇಕಾದದ್ದರಲ್ಲಿ ಹೆಚ್ಚಿನದು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಹಲಾಲ್ ಊಟವೂ ಅಲ್ಲೇ ಸಿಗುತ್ತದೆ. ಪ್ರಯಾಣಿಕರ ನಮಾಝಿನ ರಿಯಾಯಿತಿ ಇಷ್ಟು ದಿನಗಳ ಪ್ರವಾಸಕ್ಕೆ ಶಾಫಿಗಳಿಗೂ ಹನಫಿಗಳಿಗೂ ಇದೆ. ಎರಡು ನಮಾಝ್‌ಗಳನ್ನು ಕೂಡಿಸಿ ನಿರ್ವಹಿಸುವುದು ಶಾಫಿಗಳಿಗೆ ಮಾತ್ರ. ಮಸೀದಿಗಳ ಒಳಭಾಗಕ್ಕೆ ಹೆಂಗಸರ ಪ್ರವೇಶ ಎಲ್ಲ ಕಡೆ ಒಂದೇ ಕ್ರಮದಲ್ಲಿಲ್ಲ, ಬಾಗಿಲಲ್ಲಿ ವಿಚಾರಿಸಿ.

ಮೊದಲ ಬೆಳಗನ್ನು ಹಳೆಯ ಪೇಟೆಗೆ ಕೊಡಿ. ನಗರಪಾಲಿಕೆ 1997ರಿಂದ ನಡೆಸಿಕೊಂಡು ಬಂದಿರುವ ಪಾರಂಪರಿಕ ನಡಿಗೆಯೊಂದಿದೆ. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಬೆಳಿಗ್ಗೆ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ದಾರಿಯಲ್ಲಿ ‘ಪೋಳ್’ ಎಂದು ಕರೆಯುವ ಓಣಿಗಳು ಸಿಗುತ್ತವೆ. ಒಂದೇ ಬಾಗಿಲಿನೊಳಗೆ ಇಡೀ ಕೇರಿ, ಕೆತ್ತನೆಯ ಮರದ ಮನೆಗಳು, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ ಪುಟ್ಟ ಗೂಡುಗಳು. ಅಂಗಳದ ಕೆಳಗೆ ಮಳೆನೀರು ತುಂಬಿಡುವ ತೊಟ್ಟಿ. ನೀರು ಹೊತ್ತು ಬೆನ್ನು ನೋಯಿಸಿಕೊಂಡ ಯಾವ ಹೆಂಗಸಿಗಾದರೂ ಆ ತೊಟ್ಟಿಯ ಮುಂದೆ ಎರಡು ನಿಮಿಷ ನಿಲ್ಲಬೇಕೆನಿಸುತ್ತದೆ.

1424ರಲ್ಲಿ ಪೂರ್ಣಗೊಂಡ ಜಾಮಾ ಮಸೀದಿಯಲ್ಲಿ 260 ಕಂಬಗಳಿವೆ. ಕಂಬಗಳ ನಡುವೆ ಎತ್ತರದಲ್ಲಿ ಕಲ್ಲಿನ ಜಾಲರಿಯ ಮರೆಯಿರುವ ಒಂದು ಮಾಳಿಗೆ ಕಾಣುತ್ತದೆ, ರಾಜಮನೆತನದ ಸ್ತ್ರೀಯರು ನಮಾಝ್ ಮಾಡುತ್ತಿದ್ದ ಜಾಗವೆಂದು ಅದನ್ನು ತೋರಿಸುತ್ತಾರೆ. ಮಸೀದಿಯಲ್ಲಿ ಹೆಂಗಸರಿಗೆ ಸ್ಥಳ ಕೊಡುವ ವಿಷಯದಲ್ಲಿ ನಮ್ಮಲ್ಲಿ ನಡೆಯುವ ಚರ್ಚೆಗಳನ್ನು ನೆನೆದು ಈ ಜಾಲರಿಯನ್ನು ನೋಡಿ. ಅಲ್ಲಿಂದ ಕೆಲವೇ ಹೆಜ್ಜೆಗೆ ರಾಣಿ ನೋ ಹಜೀರೊ, ಅಂದರೆ ಸುಲ್ತಾನರ ರಾಣಿಯರ ಸಮಾಧಿಗಳು. ಅದರ ಸುತ್ತ ಸಂತೆ ನೆರೆದಿದೆ. ಅಸ್ತೋಡಿಯಾದಲ್ಲಿ ರಾಣಿ ಸಿಪ್ರಿಯ ಮಸೀದಿಯಿದೆ. ಮಹಮೂದ್ ಬೇಗಡಾನ ರಾಣಿ 1514ರಲ್ಲಿ ಕಟ್ಟಿಸಿದ ಈ ಸಣ್ಣ ಮಸೀದಿಯನ್ನು ಜನ ‘ಮಸ್ಜಿದೆ ನಗೀನಾ’ ಎನ್ನುತ್ತಾರೆ, ಉಂಗುರದ ಹರಳಿನಂಥ ಮಸೀದಿ. ಅದೇ ಸುಲ್ತಾನನ ಅಂತಃಪುರದ ಮೇಲ್ವಿಚಾರಕಿಯಾಗಿದ್ದ ಬಾಯಿ ಹರೀರ್ ಎಂಬಾಕೆ 15ನೇ ಶತಮಾನದ ಕೊನೆಯಲ್ಲಿ ಅಸಾರ್ವಾದಲ್ಲಿ ಐದು ಅಂತಸ್ತಿನ ಮೆಟ್ಟಿಲುಬಾವಿಯನ್ನು ಕಟ್ಟಿಸಿದಳು. ದಾರಿಹೋಕರ ನೀರಡಿಕೆಗಾಗಿ ಕಟ್ಟಿಸಿದ ಆ ಬಾವಿಯ ಗೋಡೆಯಲ್ಲಿ ಒಂದು ಶಾಸನ ಸಂಸ್ಕೃತದಲ್ಲಿದೆ, ಇನ್ನೊಂದು ಅರಬಿಯಲ್ಲಿದೆ. ಪ್ರವಾಸಿಗಳ ಗುಂಪು ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ತಂಪು, ಇಬ್ಬರೂ ಸುಮ್ಮನೆ ಕುಳಿತುಕೊಳ್ಳಬಹುದು.

ಮಧ್ಯಾಹ್ನ ಕೋಣೆಗೆ ಹೋಗಿ ಮಲಗಿ. ಇದನ್ನು ಒತ್ತಿ ಹೇಳುತ್ತೇನೆ. ಪಟ್ಟಿ ಹಿಡಿದು ಓಡುವ ಪ್ರವಾಸದಲ್ಲಿ ಹೆಂಗಸರಿಗೆ ಮನೆಯಲ್ಲಿರುವುದಕ್ಕಿಂತ ಹೆಚ್ಚು ಆಯಾಸವಾಗುತ್ತದೆ. ಯಾರಿಗೂ ಊಟ ಬಡಿಸಬೇಕಾಗಿಲ್ಲದ, ಪಾತ್ರೆ ತೊಳೆಯಬೇಕಾಗಿಲ್ಲದ ಒಂದು ಮಧ್ಯಾಹ್ನದ ನಿದ್ದೆಗಾಗಿಯೇ ಇಷ್ಟು ದೂರ ಬಂದರೂ ತಪ್ಪಿಲ್ಲ.

ಸಂಜೆ ಸೀದೀ ಸಯ್ಯಿದ್ ಮಸೀದಿಗೆ. 1573ರ ಸುಮಾರಿಗೆ, ಗುಜರಾತಿನ ಸುಲ್ತಾನರ ಆಳ್ವಿಕೆಯ ಕೊನೆಯಲ್ಲಿ, ಹಬಶಿ ಮೂಲದ ಸೀದೀ ಸಯ್ಯಿದ್ ಕಟ್ಟಿಸಿದ್ದು. ಒಂದಕ್ಕೊಂದು ಹೆಣೆದುಕೊಂಡ ಮರದ ಕೊಂಬೆಗಳನ್ನು ಕಲ್ಲಿನಲ್ಲಿ ನೂಲಿನಂತೆ ಕೊರೆದ ಕಿಟಕಿಗಳು ಇಲ್ಲಿವೆ. ಇಳಿಬಿಸಿಲು ಪಶ್ಚಿಮದ ಗೋಡೆಯ ಈ ಕಿಟಕಿಗಳಿಂದ ಒಳಗೆ ಸೋಸಿ ಬರುತ್ತದೆ. ಊರಿನ ಪ್ರಸಿದ್ಧ ಐಐಎಂ ಸಂಸ್ಥೆಯ ಲಾಂಛನಕ್ಕೆ ಪ್ರೇರಣೆ ಇದೇ ಕಿಟಕಿ. ಎದುರಿಗಿರುವ ದೊಡ್ಡ ಮಹಲು ಗಿರಣಿ ಮಾಲೀಕ ಮಂಗಳದಾಸ್ ಗಿರಿಧರದಾಸ್ 1924ರಲ್ಲಿ ಕಟ್ಟಿಸಿದ ಮನೆ, ಈಗ ಹೋಟೆಲು. ಹತ್ತಿರದಲ್ಲೇ ಗೋರಿಗಳ ನಡುವೆ ಮೇಜು ಹಾಕಿ ಚಹಾ, ಬನ್ ಕೊಡುವ ಒಂದು ಪ್ರಸಿದ್ಧ ಅಂಗಡಿಯಿದೆ. ಎಲ್ಲರೂ ಹೋಗುತ್ತಾರೆ. ನನಗಾದರೋ ಗೋರಿಯ ಪಕ್ಕ ಬೆಣ್ಣೆ ಬನ್ ಗಂಟಲಲ್ಲಿ ಇಳಿಯುವುದು ಕಷ್ಟ, ನಿಮ್ಮ ಇಷ್ಟ.

ಎರಡನೆಯ ದಿನಕ್ಕೆ ಕ್ಯಾಲಿಕೊ ಬಟ್ಟೆ ಸಂಗ್ರಹಾಲಯ. ಗೌತಮ್ ಮತ್ತು ಗಿರಾ ಸಾರಾಭಾಯಿ ಅಣ್ಣತಂಗಿಯರು 1949ರಲ್ಲಿ ಆರಂಭಿಸಿದ ಇದನ್ನು ನೋಡಲು ಮೊದಲೇ ಕಾಯ್ದಿರಿಸಬೇಕು. ಬುಧವಾರ ರಜೆ, ದಿನಕ್ಕೆ ಕೆಲವರಿಗಷ್ಟೇ ಅವಕಾಶ. ಆದ್ದರಿಂದ ಇಲ್ಲಿ ದಿನ ಗೊತ್ತಾದ ಮೇಲೆಯೇ ಪ್ರವಾಸದ ಉಳಿದ ದಿನಗಳನ್ನು ಹೊಂದಿಸಿಕೊಳ್ಳಿ. ಸೀರೆ, ಶಾಲು, ಕಸೂತಿಯಲ್ಲಿ ಆಸಕ್ತಿಯಿರುವ ಸಹೋದರಿಯರಿಗೆ ಇದೊಂದು ನಿಧಿ. ಗುಜರಾತಿನ ಹಳೆಯ ‘ಮಶ್ರೂ’ ಬಟ್ಟೆಯನ್ನೂ ತಿಳಿದುಕೊಳ್ಳಿ. ಹೆಸರು ಅರಬಿಯದು, ಶರೀಅತ್ ಪ್ರಕಾರ ಅನುಮತಿಯಿರುವುದು ಎಂದರ್ಥ. ಗಂಡಸರಿಗೆ ಅಪ್ಪಟ ರೇಷ್ಮೆ ನಿಷಿದ್ಧವಲ್ಲವೇ? ಅದಕ್ಕೆ ನೇಕಾರರು ಹೊರಗೆ ರೇಷ್ಮೆ, ಮೈಗೆ ತಾಗುವ ಒಳಬದಿಗೆ ಹತ್ತಿ ಬರುವಂತೆ ನೇಯ್ದರು. ಬಟ್ಟೆಯ ಹೊಳಪೂ ಉಳಿಯಿತು, ಕೊಳ್ಳುವವರ ಅಳುಕೂ ಹೋಯಿತು.

ಗಿರಣಿಗಳ ಕುರುಹು ನೋಡಬೇಕೆಂದರೆ ಒಂದು ರಿಕ್ಷಾ ಮಾಡಿ ಪೂರ್ವದ ಬಡಾವಣೆಗಳಲ್ಲಿ ಸುತ್ತಿ ಬನ್ನಿ. ಕೆಲವು ಚಿಮಣಿಗಳು ಇನ್ನೂ ನಿಂತಿವೆ. ಚಾಲಕ ವಯಸ್ಸಾದವರಾದರೆ ಮಾತಿಗೆಳೆಯಿರಿ, ಅವರ ತಂದೆಯೋ ಅವರೋ ಗಿರಣಿಯಲ್ಲಿ ದುಡಿದಿದ್ದರೂ ಆಶ್ಚರ್ಯವಿಲ್ಲ. ನಮ್ಮ ದಖನಿ ಉರ್ದು ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಬ್ಯಾರಿ, ನವಾಯತಿ ಮಾತಾಡುವವರಿಗೆ ಹಿಂದಿ ಸಾಕು.

ಭಾನುವಾರ ಅಲ್ಲಿದ್ದರೆ ಎಲ್ಲಿಸ್ ಸೇತುವೆಯ ಬಳಿ ನದಿಯ ಬದಿಯಲ್ಲಿ ನೆರೆಯುವ ಗುಜರಿ ಬಜಾರಿಗೆ ಹೋಗಿ. ಹಳೆಯ ಹಿತ್ತಾಳೆ ಪಾತ್ರೆ, ಪುಸ್ತಕ, ಮಂಚ, ಕುರ್ಚಿ, ಎಲ್ಲವೂ ನೆಲದ ಮೇಲೆ ಹರಡಿರುತ್ತವೆ. ಚೌಕಾಸಿಯನ್ನು ಗಂಡನಿಗೆ ಬಿಡಬೇಡಿ. ಸಾಯಂಕಾಲ ಸರ್ಖೇಜ್ ರೋಝಾ. 15ನೇ ಶತಮಾನದ ಸೂಫಿ ಶೇಖ್ ಅಹ್ಮದ್ ಖಟ್ಟೂರ ಸಮಾಧಿ, ಮಸೀದಿ, ದೊಡ್ಡ ಕೆರೆ, ಸುತ್ತ ಕಂಬಗಳ ಮಂಟಪಗಳು. ಕಮಾನುಗಳಿಲ್ಲದ ಆ ಮಸೀದಿಯ ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಮನೆಮಂದಿ ಬುತ್ತಿ ಬಿಚ್ಚಿ ಕುಳಿತಿರುತ್ತಾರೆ. ಸಮಯ ಉಳಿದರೆ ಅದೇ ದಿಕ್ಕಿನ ವಿಶಾಲಾ ಎಂಬಲ್ಲಿ ಪಾತ್ರೆಗಳದ್ದೇ ಒಂದು ಸಂಗ್ರಹಾಲಯವಿದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಜರಾತಿ ಥಾಲಿಯಲ್ಲಿ ಬೇಳೆಯ ಸಾರೂ ಸಿಹಿ, ಕುಚ್ಚಲಕ್ಕಿ ಅನ್ನದ ಆಸೆ ಬಿಟ್ಟೇ ಹೋಗಿ. ಮಾಂಸದ ಅಡುಗೆಗೆ ತೀನ್ ದರ್ವಾಜಾದ ಪಕ್ಕದ ಭಟಿಯಾರ್ ಗಲ್ಲಿ. ಪಾನನಿಷೇಧವಿರುವ ರಾಜ್ಯವಾದ್ದರಿಂದ ರಾತ್ರಿ ಹೋಟೆಲಿನಿಂದ ನಡೆದು ಬರುವಾಗ ಹೆಂಡದಂಗಡಿಯ ಮುಂದಿನ ಗುಂಪು ದಾಟಬೇಕಾದ ಕಿರಿಕಿರಿ ಇಲ್ಲ. ಮಾಣೆಕ್ ಚೌಕದಲ್ಲಿ ಹಗಲು ಚಿನ್ನ ಬೆಳ್ಳಿಯ ವ್ಯಾಪಾರ, ಅಂಗಡಿಗಳು ಮುಚ್ಚಿದ ಮೇಲೆ ನಡುರಾತ್ರಿ ದಾಟುವವರೆಗೂ ತಿಂಡಿಯ ಸಂತೆ. ನಮ್ಮ ದೋಸೆಯೇ ಅಲ್ಲಿ ಬೆಣ್ಣೆ, ಚೀಸಿನಲ್ಲಿ ಮುಳುಗಿ ಗುರುತು ಸಿಗದ ರೂಪದಲ್ಲಿ ಬರುತ್ತದೆ. ಒಂದು ತರಿಸಿ ಇಬ್ಬರೂ ಹಂಚಿಕೊಂಡು ನಗಬಹುದು.

ಮಕ್ಕಳಿಗೆ ದಿನಕ್ಕೆ ಒಮ್ಮೆ, ಇಶಾ ನಂತರ, ಫೋನ್ ಮಾಡಿದರೆ ಸಾಕು. ಹೊರಡುವ ದಿನ ಬೆಳಿಗ್ಗೆ ಢಾಲ್‌ಗರ್ವಾಡದಲ್ಲಿ ಅಚ್ಚಿನ ಹತ್ತಿ ಬಟ್ಟೆ, ಬಾಂಧಣಿ ದುಪಟ್ಟಾ ನೋಡಿ, ಅಲ್ಲಿಂದ ರಾಣಿ ನೋ ಹಜೀರೊದ ಸಂತೆಗೆ ಹೋಗಿ. ಸೋಂಪು, ಎಳ್ಳು, ಒಣ ಖರ್ಜೂರ ಬೆರೆಸಿದ ಮುಖವಾಸ ಅಲ್ಲಿ ಹತ್ತಾರು ಬಗೆಯದು ಸಿಗುತ್ತದೆ. ಕೈಗೆ ಹಾಕಿ ರುಚಿ ತೋರಿಸುತ್ತಾರೆ. ಅತ್ತೆಗೆ ಒಂದು ಡಬ್ಬಿ, ಮಕ್ಕಳನ್ನು ನೋಡಿಕೊಂಡ ನಾದಿನಿಗೆ ಒಂದು ಡಬ್ಬಿ ಮತ್ತು ಒಂದು ದುಪಟ್ಟಾ. ನಾದಿನಿಯದ್ದನ್ನು ಮೊದಲು ಆರಿಸಿ, ನಿಮ್ಮದನ್ನು ಆಮೇಲೆ.